ದರ್ಜಿಯಣ್ಣನ ತಟ್ಟೆಗೆ ಹೊಸ ಅಳತೆ

ದರ್ಜಿಯಣ್ಣನ ಮನೆಗೆ ತರಕಾರಿ ಬಂತೆಂದರೆ ತಕರಾರೂ ಬಂತೆಂದೇ ಲೆಕ್ಕ.

"ಮೇಕೆ ಸೊಪ್ಪು ತಿನ್ನತ್ತೆ, ನಾನು ಮೇಕೆ ತಿಂತೀನಿ. ಸೊಪ್ಪು ನನ್ನ ಹೊಟ್ಟೆಗೇ ಸೇರಿದ ಹಾಗಾಯ್ತಲ್ಲ!" ಎಂದು ವಾದ ಹೂಡಿ, ಸಾಕ್ಷಿಗೆಂಬಂತೆ "ಮ್ಯಾ..." ಎಂದು ಕೂಗಿಯೂ ತೋರಿಸುತ್ತಿದ್ದ. ಬೆಳಿಗ್ಗೆ ಮಾಂಸ, ಮಧ್ಯಾಹ್ನ ಮಾಂಸ, ರಾತ್ರಿ ಮಧ್ಯಾಹ್ನದ್ದೇ ಬಿಸಿ ಮಾಡಿದ್ದು.

ಒಂದು ದಿನ ಅವನ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಬದನೆಕಾಯಿ ಅವನಿಗೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಹೊಲಿಗೆ ಮೆಷಿನ್ನಿನ ಪೆಡಲು ತುಳಿಯುವುದಿರಲಿ, ಬೆರಳಿಗೆ ಹೊದಿಕೆ ತಗುಲಿದರೂ ಜೀವ ಹೋದಂತಾಗುತ್ತಿತ್ತು. ಅಂಗಡಿಯಲ್ಲೋ ಶಾಲೆಯ ಬ್ಯಾಂಡಿನ ಮಕ್ಕಳ ಕೆಂಪು ಕೋಟುಗಳು ತೋಳಿಲ್ಲದೆ ನೇತಾಡುತ್ತಿದ್ದವು. ಶನಿವಾರವೇ ಮೆರವಣಿಗೆ. ಶಾಲೆ ಬಿಟ್ಟೊಡನೆ ಮಕ್ಕಳು ಬಾಗಿಲಲ್ಲಿ ಇಣುಕಿ, "ಮಾಮಾ, ಆಯ್ತಾ?" ಎಂದು ಕೇಳಿಹೋಗುತ್ತಿದ್ದರು.

ಕೊನೆಗೆ ಹೆಂಡತಿ ಪಕ್ಕದಲ್ಲಿ ಕುಳಿತು ಪೆಡಲು ತುಳಿದಳು, ಇವನು ಬಟ್ಟೆ ಹಿಡಿದ. ಇವನು "ನಿಲ್ಸೇ" ಎನ್ನುವಷ್ಟರಲ್ಲಿ ಮೆಷಿನ್ನು ಟಕಟಕಟಕ ಎಂದು ಓಡಿ, ಕೋಟಿನ ತೋಳನ್ನು ಜೇಬಿಗೆ ಸೇರಿಸಿ ಹೊಲಿದುಬಿಟ್ಟಿತು.

"ಮದುವೆ ಆದಾಗಿಂದ ನನ್ನ ಕೈ, ನಿನ್ನ ಕಾಲು ಒಂದೇ ದಾರಿಗೆ ಬಂದಿದ್ದಿಲ್ಲ ನೋಡು!"

"ಈ ದಾರಿಗೆ ತಂದಿದ್ದು ನಿಮ್ಮ ನಾಲಿಗೆ ರೀ. ಏಳಿ, ಆಸ್ಪತ್ರೆಗೆ."

ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನಲ್ಲಿ ಕೂತಿದೆ ಎಂದರು. ಮಾತ್ರೆ ಕೊಟ್ಟು, "ಮಾಂಸ ಕಡಿಮೆ ಮಾಡಿ, ತರಕಾರಿ ಜಾಸ್ತಿ ಮಾಡಿ, ನೀರು ಚೆನ್ನಾಗಿ ಕುಡೀರಿ" ಎಂದರು.

ದರ್ಜಿಯಣ್ಣನ ಸ್ವಭಾವವೋ, ಹಿಡಿದರೆ ಉಡ, ಬಿಟ್ಟರೆ ಗಾಳಿಪಟ. ಕಡಿಮೆ ಮಾಡುವುದೆಂಬ ನಡುದಾರಿಯೇ ಅವನಿಗೆ ಗೊತ್ತಿಲ್ಲ. ಹೇಗೂ ಮಾಂಸಕ್ಕೂ ತನಗೂ ಋಣ ತೀರಿತು, ಬೀಳ್ಕೊಡುಗೆಯನ್ನಾದರೂ ಭರ್ಜರಿಯಾಗಿ ಮಾಡೋಣ ಎಂದುಕೊಂಡು, ಕುಂಟುತ್ತ ಮಾಂಸದಂಗಡಿಗೆ ಹೋದ. ಅಂಗಡಿಯವನು ಅವನ ಬಾಲ್ಯದ ಗೆಳೆಯ. ಎಲ್ಲರೂ ಅವನನ್ನು ತಕ್ಕಡಿಯಣ್ಣ ಎನ್ನುತ್ತಿದ್ದರು.

"ಲೋ ತಕ್ಕಡಿ, ನಾಳೆಯಿಂದ ನಾನು ಸನ್ಯಾಸಿ ಕಣೋ. ಲಿವರ್ರು, ತೊಡೆ, ಎಲ್ಲಾ ಕಟ್ಟು. ಇದೇ ಕೊನೇದು."

ತಕ್ಕಡಿಯಣ್ಣ ಕತ್ತಿ ಕೆಳಗಿಟ್ಟ. "ಹೆಬ್ಬೆರಳಾ? ನನಗೂ ಬಂದಿತ್ತು. ಇಷ್ಟೂ ಇವತ್ತೇ ತಿಂದ್ರೆ ಇನ್ನೊಂದು ಬೆರಳೂ ಊದತ್ತೆ. ಮಕ್ಕಳು ಬನಿಯನ್ನಲ್ಲಿ ಬ್ಯಾಂಡು ಬಾರಿಸ್ಬೇಕಾ? ಬಾ, ಊಟಕ್ಕೆ ಕೂತ್ಕೋ."

ಡಬ್ಬಿ ತೆರೆದ. ಬೀನ್ಸು, ಕ್ಯಾರೆಟ್ಟು, ಕುಂಬಳಕಾಯಿ, ಸೊಪ್ಪು. ನಡುವೆ ನೆಂಟರಂತೆ ಎರಡೇ ತುಂಡು ಮಾಂಸ.

"ಏನೋ ಇದು! ಅಂಗಡಿ ತುಂಬ ಮಾಂಸ, ಡಬ್ಬಿ ತುಂಬ ಸೊಪ್ಪು!"

"ಮಾರೋದನ್ನೆಲ್ಲ ತಿನ್ನಬೇಕೇನೋ? ಹೊಲಿದ ಲಂಗನೆಲ್ಲ ನೀನೇ ಹಾಕ್ಕೊಂತೀಯಾ?"

"ಮತ್ತೆ ಶಕ್ತಿ?"

"ಕಾಳಿಲ್ವಾ, ಮೊಟ್ಟೆ ಇಲ್ವಾ? ಈಗಲೂ ಇಡೀ ಮೇಕೆ ಎತ್ತಿ ಕೊಕ್ಕೆಗೆ ಹಾಕೋದು ಇದೇ ಕೈ."

"ರುಚಿ?"

"ಆ ಎರಡು ತುಂಡು ಇರೋದೇ ಅದಕ್ಕೆ. ಕೋಟಿಗೆ ಜರಿಪಟ್ಟಿ ಎಷ್ಟಗಲ ಇಡ್ತೀಯ?"

"ಎರಡು ಬೆರಳು."

"ಇಡೀ ಕೋಟೇ ಜರಿ ಆದ್ರೆ?"

"ಹಾಕ್ಕೊಂಡೋನು ಚುಚ್ಚಿಸ್ಕೊಂಡು ಸಾಯ್ತಾನೆ."

"ನಿನ್ನ ಹೆಬ್ಬೆರಳು ಬಾಯಿ ಬಡ್ಕೊಳ್ತಿರೋದೂ ಅದನ್ನೇ!"

ದರ್ಜಿಯಣ್ಣ ಡಬ್ಬಿಯನ್ನು ತನ್ನತ್ತ ಎಳೆದುಕೊಂಡ. "ಎಲ್ಲರೂ ಹೀಗೇ ತಿಂದ್ರೆ ನಿನ್ನ ವ್ಯಾಪಾರ?"

"ಅಪರೂಪಕ್ಕೆ ಬಂದ್ರೂ ಮುದುಕನಾಗೋವರೆಗೂ ಬರೋ ಗಿರಾಕಿ ಬೇಕು ನನಗೆ. ಒಂದೇ ಸಲ ಕೊಂಡು ಹಾಸಿಗೆ ಹಿಡಿಯೋನಲ್ಲ."

ದರ್ಜಿಯಣ್ಣ ಒಂದು ಬೀನ್ಸನ್ನು, ಕಳ್ಳನನ್ನು ವಿಚಾರಣೆಗೆ ಎಳೆತಂದಂತೆ ಬಾಯಿಗಿಟ್ಟ. ಅಗಿದ. ಹುಬ್ಬು ಮೇಲೇರಿತು. ಕುಂಬಳಕಾಯಿಗೂ ಕೈ ಹೋಯಿತು. ಡಬ್ಬಿ ಅರ್ಧವಾದಾಗ ತಕ್ಕಡಿಯಣ್ಣ ಕಿರುಚಿದ: "ಲೋ, ಅದು ನನ್ನ ಊಟ ಕಣೋ!"

ಅಂದು ದರ್ಜಿಯಣ್ಣ ಮಾಂಸವಿಲ್ಲದೆ, ಚೀಲದ ತುಂಬ ತರಕಾರಿ ಹೊತ್ತು ಬಂದಾಗ ಹೆಂಡತಿ, "ಯಾರು ಬೇಕಾಗಿತ್ತು?" ಎಂದು ಕೇಳಿದಳು.

ಮಾತ್ರೆ ಕೆಲಸ ಮಾಡಿತು. ಬೆರಳು ಇಳಿಯಿತು, ಪೆಡಲು ಕುಣಿಯಿತು, ತೋಳುಗಳು ತೋಳಿನ ಜಾಗಕ್ಕೇ ಬಂದವು. ಶನಿವಾರ ಕೆಂಪು ಕೋಟಿನ ಮಕ್ಕಳು ಡಂಡಂ ಪೀಂಪೀಂ ಎಂದು ಬೀದಿ ನಡುಗಿಸುತ್ತ ಹೊರಟರೆ, ಹಿಂದೆಯೇ ತಾಳ ಹಾಕುತ್ತ ಹೆಜ್ಜೆ ಹಾಕಿದವನು ದರ್ಜಿಯಣ್ಣ. ಬೆರಳನ್ನು ಇಳಿಸಿದ್ದು ಮಾತ್ರೆ. ಅದು ಮತ್ತೆ ಊದದಂತೆ ಈಗ ಮಾತ್ರೆಯ ಜೊತೆ ಅವನ ತಟ್ಟೆಯೂ ಕಾವಲಿದೆ. ಭಾನುವಾರ ಮಾಂಸ ಇದ್ದೇ ಇರುತ್ತದೆ, ಸ್ವಲ್ಪವೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ತಟ್ಟೆಯ ಮಾಂಸವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಸ್ವಲ್ಪ ಸರಿದು ಕೂರಲು ಹೇಳಿ, ಅಷ್ಟೇ. ಅರ್ಧ ತಟ್ಟೆ ತರಕಾರಿಗೆ ಬಿಡಿ. ವಾರದಲ್ಲಿ ಕೆಲವು ದಿನ ಮಾಂಸಕ್ಕೆ ರಜೆ ಕೊಟ್ಟು ಕಾಳು, ಮೊಟ್ಟೆಯನ್ನು ಕರೆಯಿರಿ. ಕೀಲು ಊದಿ ನೋಯುತ್ತಿದ್ದರೆ ಮೊದಲು ಡಾಕ್ಟರ ಬಳಿ ಹೋಗಿ, ಕೊಟ್ಟ ಮಾತ್ರೆ ಬಿಡಬೇಡಿ. ಶುರು ಮಾಡುವುದು ನಾಳೆಯಿಂದಲ್ಲ, ಇವತ್ತಿನ ಊಟದಿಂದಲೇ. ಚೀಲ ಎತ್ತಿಕೊಳ್ಳಿ, ಒಳ್ಳೆಯ ಸೊಪ್ಪನ್ನೆಲ್ಲ ಪಕ್ಕದ ಮನೆಯವರು ಆರಿಸಿಕೊಂಡಾರು!