ಬೀಗ ಹಾಕಿಟ್ಟ ರೇಸು

ನನ್ನ ಗಂಡ ವಿತೆಕ್ ಬೈಕ್ ಓಡಿಸುತ್ತಿದ್ದ ಕಾಲದಲ್ಲಿ ಭಾನುವಾರ ಮಧ್ಯಾಹ್ನ ನಮ್ಮೂರ ಬೀದಿಯಲ್ಲಿ ಒಂದು ನಾಯಿಯೂ ಕಾಣುತ್ತಿರಲಿಲ್ಲ. ಎಲ್ಲರೂ ಸ್ಟೇಡಿಯಮ್ಮಿನಲ್ಲಿ. ಪೋಲಂಡಿನ ಲೆಶ್ನೋ ಸುತ್ತಮುತ್ತಲ ಊರುಗಳಲ್ಲಿ ಸ್ಪೀಡ್‌ವೇ ಹುಚ್ಚು ಹಾಗೇ. ಮಣ್ಣಿನ ಟ್ರ್ಯಾಕು, ಬ್ರೇಕೇ ಇಲ್ಲದ ಬೈಕು, ಒಂದು ರೇಸಿಗೆ ನಾಲ್ಕು ಜನ, ತಂಡಕ್ಕೆ ಇಬ್ಬಿಬ್ಬರು. ತಿರುವಿನಲ್ಲಿ ಹಿಂದಿನ ಚಕ್ರವನ್ನು ಅಡ್ಡಡ್ಡ ಜಾರಿಸಿಕೊಂಡೇ ನುಗ್ಗಬೇಕು. ನಮ್ಮ ಕ್ಲಬ್ಬಿನಲ್ಲಿ ವಿತೆಕ್‌ಗೆ ಜೋಡಿ ಲುದ್ವಿಕ್. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು. ನಮ್ಮ ಮದುವೆಗೆ ಸಾಕ್ಷಿಯಾಗಿ ನಿಂತವನೂ ಲುದ್ವಿಕ್ಕೇ.

ಎರಡನೇ ದರ್ಜೆಯ ಲೀಗಾದರೂ ಆಗ ನಮ್ಮ ಪಂದ್ಯಗಳನ್ನು ಒಂದು ಸಣ್ಣ ಸ್ಯಾಟಲೈಟ್ ಚಾನೆಲ್ ತೋರಿಸುತ್ತಿತ್ತು. ವಿತೆಕ್ ಸ್ಟೇಡಿಯಮ್ಮಿಗೆ ಹೊರಡುವ ಮುಂಚೆ ರಿಮೋಟ್ ಒತ್ತಿ, ಡಿಶ್ ಬಾಕ್ಸಿನಲ್ಲಿ ರೆಕಾರ್ಡಿಂಗ್ ಇಟ್ಟೇ ಹೋಗುತ್ತಿದ್ದ. ಸಂಜೆ ಬಂದು ಮುಖದ ಮಣ್ಣು ತೊಳೆಯುವುದಕ್ಕೂ ಮೊದಲೇ ತನ್ನ ಸ್ಟಾರ್ಟುಗಳನ್ನು ನೋಡಬೇಕು. ಬಿದ್ದ ದಿನವೂ ಹಾಗೇ ಇಟ್ಟು ಹೋಗಿದ್ದ. ಅವನನ್ನು ಹೆಲಿಕಾಪ್ಟರಿನಲ್ಲಿ ಪೊಜ್ನಾನ್ ನಗರದ ಆಸ್ಪತ್ರೆಗೆ ಒಯ್ಯುತ್ತಿದ್ದಾಗ ಮನೆಯಲ್ಲಿ ಬಾಕ್ಸು ತನ್ನ ಪಾಡಿಗೆ ಆ ಪಂದ್ಯ ಹಿಡಿದಿಟ್ಟುಕೊಳ್ಳುತ್ತಿತ್ತು.

ತಪ್ಪು ವಿತೆಕ್‌ನದೇ ಎಂದು ರೆಫರಿ ಬರೆದ. ಟ್ರ್ಯಾಕಿನ ಹೊರಬೇಲಿ ಪಕ್ಕ ಜಾಗ ಇಲ್ಲದ ಕಡೆ ನುಗ್ಗಿದ, ತಾನಾಗಿ ಬಿದ್ದ. ಊರಿನವರೂ ಹಾಗೇ ಹೇಳಿದರು. ವಿತೆಕ್‌ಗೆ ಆ ದಿನ ಬೆಳಿಗ್ಗೆ ತಿಂದದ್ದೂ ನೆನಪಿರಲಿಲ್ಲ, ಇನ್ನು ರೇಸು ಎಲ್ಲಿಂದ ನೆನಪಿರಬೇಕು? ಸೊಂಟದ ಕೆಳಗೆ ಸತ್ತ ಮೈ ಹೊತ್ತುಕೊಂಡು, ಚಳಿಗಾಲ ಮುಗಿಯುವ ಹೊತ್ತಿಗೆ ಮನೆಗೆ ಬಂದ. ಬಂದ ದಿನವೇ ರಿಮೋಟ್ ಕೇಳಿದ.

"ಬೇಡ ಕಣೋ," ಅಂದೆ.

"ಕೊಡು ಊಲಾ. ನಾನು ಏನು ಮಾಡಿದೆ ಅಂತ ನನಗೆ ಗೊತ್ತಾಗ್ಬೇಕು."

ಇಬ್ಬರೂ ಕೂತು ನೋಡಿದೆವು. ಸ್ಟೇಡಿಯಮ್ಮಿನಲ್ಲಿದ್ದವರಿಗೆ ಧೂಳಿನಲ್ಲಿ ಕಾಣದೆ ಹೋದದ್ದು ತಿರುವಿನ ಹಿಂದೆ ಇಟ್ಟಿದ್ದ ಕ್ಯಾಮರಾದಲ್ಲಿ ಸ್ಪಷ್ಟವಾಗಿತ್ತು. ಲುದ್ವಿಕ್ ಮುಂದಿದ್ದ. ವಿತೆಕ್ ಹೊರಗಿನಿಂದ, ಬೇಲಿ ಪಕ್ಕದಲ್ಲಿ, ಅವನನ್ನು ದಾಟುತ್ತಿದ್ದ. ಲುದ್ವಿಕ್ ಹೆಗಲ ಮೇಲಿಂದ ತಲೆ ತಿರುಗಿಸಿ ಹಿಂದೆ ನೋಡಿದ. ನೋಡಿ, ಆಮೇಲೆ ಬೈಕನ್ನು ಹೊರಕ್ಕೆ ಬಿಟ್ಟ. ವಿತೆಕ್‌ಗೆ ಹೋಗಲು ಬೇಲಿ ಬಿಟ್ಟರೆ ಬೇರೆ ಜಾಗ ಇರಲಿಲ್ಲ.

ಆ ವಾರ ಮೇಲಿನ ಲೀಗಿನ ದೊಡ್ಡ ತಂಡದವರು ನಮ್ಮ ಹುಡುಗರನ್ನು ನೋಡಲು ಬಂದಿದ್ದರು. ಇಬ್ಬರಲ್ಲಿ ಒಬ್ಬನನ್ನು ಕರೆದುಕೊಳ್ಳುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು. ಹೋದವನು ಲುದ್ವಿಕ್.

ವಿತೆಕ್ ಮತ್ತೊಂದು ಸಲ ಹಾಕಿ ನೋಡಿದ. ಆಮೇಲೆ ಟೀವಿ ಆರಿಸಿದ.

"ಫೋನ್ ಮಾಡಿ ಹೇಳಿಬಿಡ್ತೀನಿ ನಾನು, ಎಲ್ಲರಿಗೂ," ಅಂದೆ.

"ಯಾರಿಗೂ ಏನೂ ಹೇಳ್ಬೇಡ. ಅವನೇ ಬಂದು ಹೇಳ್ಲಿ. ಹೇಳ್ತಾನೆ. ನನಗೆ ಅವನು ಗೊತ್ತು."

ಅವನು ಹೇಳಲಿಲ್ಲ. ದೊಡ್ಡ ತಂಡದಲ್ಲಿ ಲುದ್ವಿಕ್ ಹೆಚ್ಚು ಕಾಲ ನಿಲ್ಲಲಿಲ್ಲ. ಅಲ್ಲಿ ಅವನು ಕೊನೆಯವನೇ. ಊರಿಗೆ ವಾಪಸ್ ಬಂದು ಟೈರ್ ಅಂಗಡಿ ಹಾಕಿದ. ಬಂದ ವಾರವೇ ನಮ್ಮ ಮನೆಯ ಬಾಗಿಲು ತಟ್ಟಿದ. ನಮ್ಮ ಮನೆ ಮೂರನೇ ಮಹಡಿಯಲ್ಲಿ, ಹಳೇ ಕಾಲದ ಕಾಂಕ್ರೀಟ್ ಕಟ್ಟಡ, ಲಿಫ್ಟ್ ಇಲ್ಲ. ವಿತೆಕ್‌ನನ್ನು ವ್ಯಾಯಾಮದ ಚಿಕಿತ್ಸೆಗೆ ಇಳಿಸಬೇಕಾದರೆ ನಾನು ನೆರೆಮನೆಯವರ ಕಾಲು ಹಿಡಿಯಬೇಕಿತ್ತು. ಲುದ್ವಿಕ್ ಅವನ ಮುಂದೆ ಬೆನ್ನು ಬಗ್ಗಿಸಿ ಕೂತ. ವಿತೆಕ್ ಅವನ ಕೊರಳಿಗೆ ಕೈ ಹಾಕಿದ. ಅವತ್ತಿನಿಂದ ಪ್ರತಿ ಗುರುವಾರ ಲುದ್ವಿಕ್ ಬರುತ್ತಿದ್ದ, ಹೊತ್ತು ಇಳಿಸುತ್ತಿದ್ದ, ತನ್ನ ಕಾರಿನಲ್ಲಿ ಕರೆದೊಯ್ದು, ಮತ್ತೆ ಹೊತ್ತು ತಂದು ಹಾಸಿಗೆಯ ಮೇಲೆ ಕೂರಿಸುತ್ತಿದ್ದ. ನಾನು ಚಹಾ ಕೊಡುತ್ತಿದ್ದೆ. ಗಸಗಸೆ ಕೇಕು ಮಾಡಿದ್ದರೆ ಅದನ್ನೂ ಕೊಡುತ್ತಿದ್ದೆ. ಕೊಡುವಾಗ ಅವನ ಮುಖ ನೋಡುತ್ತಿರಲಿಲ್ಲ.

ಆ ಚಾನೆಲ್ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಅದರ ಜೊತೆ ಹಳೇ ಪಂದ್ಯಗಳೂ ಹೋದವು ಎಂದು ಲುದ್ವಿಕ್ ನಂಬಿದ್ದ. ನಮ್ಮ ಬಾಕ್ಸಿನ ಒಳಗೆ ಅದೊಂದು ಇದೆ, ತಪ್ಪಿ ಅಳಿಸಿಹೋಗದಂತೆ ನಾನು ಗುಪ್ತ ಸಂಖ್ಯೆ ಕೊಟ್ಟು ಬೀಗ ಹಾಕಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ.

ವಿತೆಕ್‌ಗೆ ದಿನವಿಡೀ ಟೀವಿಯೇ. ಪೋಲಂಡಿನಲ್ಲಿ ನಡೆದ ಪಂದ್ಯಗಳು ಸಾಲದೆಂದು ಸ್ವೀಡನ್ನಿನವನ್ನೂ ಹಿಡಿದಿಡುತ್ತಿದ್ದ. ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ವಸಂತದಲ್ಲಿ ಬಾಕ್ಸು ಜಾಗ ಇಲ್ಲ ಎಂದು ತಕರಾರು ತೆಗೆಯಿತು. ಹೊಸದು ಬೇಕಾದರೆ ಹಳೆಯದು ಅಳಿಸು ಎಂದಿತು. ಯಾವುದನ್ನು ಅಳಿಸುವುದು ಎಂದು ನಮ್ಮಿಬ್ಬರಿಗೆ ವಾರಕ್ಕೊಂದು ಜಗಳ.

ಕೊನೆಗೆ ಒಂದು ದಿನ ಅವನೇ ಹೇಳಿದ, "ಹೊರಗಿನಿಂದ ಹಾರ್ಡ್ ಡಿಸ್ಕ್ ಸಿಕ್ಕಿಸಬಹುದಂತೆ. ಲುದ್ವಿಕ್‌ಗೆ ಹೇಳಿದ್ದೀನಿ. ಶನಿವಾರ ತರ್ತಾನೆ."

"ಒಂದು ವೈರು ಚುಚ್ಚೋದಕ್ಕೆ ಅವನು ಯಾಕೆ? ನನಗೆ ಬರಲ್ವಾ?"

"ಚುಚ್ಚೋದು ಮಾತ್ರ ಅಲ್ಲ. ಹಳೇದನ್ನೆಲ್ಲ ಅದಕ್ಕೆ ಸಾಗಿಸ್ಬೇಕು. ಒಂದೊಂದೇ ತೆಗೆದು ನೋಡಿ ಸಾಗಿಸ್ಬೇಕು. ಅವನೇ ಮಾಡ್ಲಿ."

ಅವನ ಮುಖ ನೋಡಿದೆ. ಬೀಗ ಹಾಕಿದ ಆ ರೇಸೂ ಪಟ್ಟಿಯಲ್ಲಿತ್ತು; ಅರ್ಥವಾಯಿತು. ಬೇಡ ಎನ್ನಲು ಬಾಯಿ ತೆರೆದೆ. ಅವನು ಗಾಲಿಕುರ್ಚಿ ತಿರುಗಿಸಿಕೊಂಡು ಕಿಟಕಿಯ ಕಡೆಗೆ ಹೋದ.

ಶನಿವಾರ ಲುದ್ವಿಕ್ ಡಿಸ್ಕ್ ತಂದ. ಸಿಗರೇಟ್ ಪ್ಯಾಕಿಗಿಂತ ಸ್ವಲ್ಪ ದೊಡ್ಡದು. ಬಾಕ್ಸಿನ ಹಿಂದೆ ಸಿಕ್ಕಿಸಿದ. ಡಿಸ್ಕಿನಲ್ಲಿರುವುದೆಲ್ಲ ಅಳಿಸಿ ಈ ಬಾಕ್ಸಿಗೆ ತಕ್ಕಂತೆ ಸಿದ್ಧಮಾಡಲೇ ಎಂದು ಟೀವಿ ಕೇಳಿತು.

"ಹೂಂ ಅನ್ನು," ಅಂದ ವಿತೆಕ್. "ಹೊಸದು ತಾನೇ, ಏನಿರುತ್ತೆ ಅದರಲ್ಲಿ."

"ಒಂದು ತಿಳ್ಕೋ," ಅಂದ ಲುದ್ವಿಕ್. "ಇದಕ್ಕೆ ಸಾಗಿಸಿದ್ದು ಈ ಬಾಕ್ಸಿನಲ್ಲಿ ಮಾತ್ರ ಕಾಣೋದು. ಕಂಪ್ಯೂಟರಿಗೆ ಹಾಕಿದ್ರೆ ಏನೂ ಬರಲ್ಲ. ಸಾಗಿಸ್ತಾ ಇದ್ದ ಹಾಗೇ ಒಳಗಿನದು ಅಳಿಸ್ತಾ ಬರುತ್ತೆ. ನಕಲು ಅಂತ ಉಳಿಯಲ್ಲ."

"ಸರಿ. ಶುರು ಮಾಡು."

ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಆಲೂಗಡ್ಡೆ ಸುಲಿಯುತ್ತಿದ್ದೆ. ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. ಲುದ್ವಿಕ್ ಒಂದೊಂದೇ ರೆಕಾರ್ಡಿಂಗ್ ತೆಗೆದು, ಸ್ವಲ್ಪ ಓಡಿಸಿ, ಸರಿಯಿದೆ ಎಂದು ಸಾಗಿಸುತ್ತಿದ್ದ. ಇಬ್ಬರೂ ಹಳೇ ರೇಸುಗಳನ್ನು ನೋಡಿ ನಗುತ್ತಿದ್ದರು.

"ನೋಡೋ ನಿನ್ನ ಮೀಸೆ," ಅಂದ ವಿತೆಕ್.

"ಹುಡುಗಿಯರು ಸಾಯ್ತಿದ್ರು ಕಣೋ ಆ ಮೀಸೆಗೆ."

"ನಗಾಡಿ ಸಾಯ್ತಿದ್ರು."

ಪಟ್ಟಿ ಕೆಳಗಿಳಿಯುತ್ತಾ ಆ ತಾರೀಖಿಗೆ ಬಂತು. ಪಕ್ಕದಲ್ಲಿ ಬೀಗದ ಗುರುತು. ಲುದ್ವಿಕ್‌ನ ಹೆಬ್ಬೆರಳು ರಿಮೋಟಿನ ಮೇಲೆ ನಿಂತಿತು.

"ಇದು ಬೀಗ ಹಾಕಿದೆ," ಅಂದ.

"ಸಂಖ್ಯೆ ಊಲಾ ಹುಟ್ಟಿದ ವರ್ಷ. ಒತ್ತು."

ಒತ್ತಿದ. ಪಂದ್ಯ ಶುರುವಾಯಿತು. ಆಟಗಾರರ ಮೆರವಣಿಗೆ, ಬ್ಯಾಂಡು, ಬಿಸಿಲು. ವಿತೆಕ್ ಟೀವಿ ನೋಡುತ್ತಿರಲಿಲ್ಲ. ಲುದ್ವಿಕ್‌ನನ್ನು ನೋಡುತ್ತಿದ್ದ. ಕೋಪದಿಂದಲ್ಲ. ಪರೀಕ್ಷೆ ಬರೆಯುತ್ತಿರುವ ಮಗನನ್ನು ಹೊರಗಿನಿಂದ ನೋಡುವ ತಂದೆಯ ಹಾಗೆ ನೋಡುತ್ತಿದ್ದ. ನನ್ನ ಕೈಯಲ್ಲಿ ಚಾಕು ಸುಮ್ಮನಾಗಿತ್ತು.

"ಇದು ನೀನು ನೋಡಿದ್ದೀಯಾ?" ಕೇಳಿದ ಲುದ್ವಿಕ್.

"ನೋಡಿದ್ದೀನಿ."

ಬ್ಯಾಂಡಿನವರು ಟ್ರ್ಯಾಕಿನಿಂದ ಹೊರಗೆ ಹೋದರು. ಲುದ್ವಿಕ್ ಗಂಟಲು ಸರಿಮಾಡಿಕೊಂಡ. ಈಗ ಹೇಳುತ್ತಾನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೂ ಅವನ ಮೇಲೆ ಕನಿಕರ ಬಂತು.

"ಚೆನ್ನಾಗೇ ಓಡ್ತಿದೆ," ಅಂದ. "ಸಾಗಿಸ್ತೀನಿ."

ಟೀವಿಯ ಮೇಲೆ ನೀಲಿ ಪಟ್ಟಿ ನಿಧಾನವಾಗಿ ತುಂಬತೊಡಗಿತು. ಅರ್ಧ ತುಂಬಿರಬಹುದು, ಲುದ್ವಿಕ್ ಎದ್ದ. "ವೈರು ಸಡಿಲ ಇದ್ದ ಹಾಗಿದೆ," ಎನ್ನುತ್ತಾ ಬಾಕ್ಸಿನ ಹಿಂದೆ ಕೈ ಹಾಕಿದ. ವೈರು ಎಳೆದಂತೆ ಅವನ ಮೊಣಕೈ ಹಿಂದಕ್ಕೆ ಬಂದದ್ದನ್ನು ನಾನು ನೋಡಿದೆ. ವಿತೆಕ್ ಕೂಡ ನೋಡಿದ. ಡಿಸ್ಕಿನ ದೀಪ ಆರಿತು. ಸಾಗಣೆ ನಿಂತಿದೆ, ರೆಕಾರ್ಡಿಂಗ್ ಹಾಳಾಗಿದೆ ಎಂದು ಟೀವಿಯಲ್ಲಿ ಬಂತು.

"ಅಯ್ಯೋ, ಹಾಳು ವೈರು," ಅಂದ ಲುದ್ವಿಕ್, ನಮ್ಮ ಕಡೆ ತಿರುಗದೆ. "ಬೇರೆ ತಂದುಕೊಡ್ತೀನಿ."

"ಇರ್ಲಿ ಬಿಡು," ಅಂದ ವಿತೆಕ್. "ಉಳಿದದ್ದು ಸಾಗಿಸು."

ಉಳಿದದ್ದೆಲ್ಲ ಏನೂ ತೊಂದರೆಯಿಲ್ಲದೆ ಹೋಯಿತು, ಅದೇ ವೈರಿನಲ್ಲಿ. ಊಟಕ್ಕೆ ನಿಲ್ಲು ಎಂದು ವಿತೆಕ್ ಕರೆದ. ಲುದ್ವಿಕ್ ನಿಂತ. ಸಾರಿಗೆ ಶಾವಿಗೆ ಹಾಕಿ ಬಡಿಸಿದವಳು ನಾನೇ. ಟೀವಿಯ ಮುಂದೆ ಫೋನ್ ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಳ್ಳಬಹುದಿತ್ತಲ್ಲ ಎಂದು ಆಗ ಹೊಳೆಯಿತು, ಬಡಿಸುತ್ತಾ ಇದ್ದಾಗ.

ಅವನು ಹೋದ ಮೇಲೆ ಕೇಳಿದೆ, "ಈಗೇನು ಹೇಳ್ತೀಯ?"

"ಹೆದರಿಬಿಟ್ಟ. ನೀನು ಅಲ್ಲಿ ನಿಂತಿದ್ದೆ."

"ಓ, ತಪ್ಪು ನನ್ನದೋ?"

"ಹಾಗೆ ಹೇಳ್ಲಿಲ್ಲ. ಇನ್ನೊಂದು ದಿನ ಹೇಳ್ತಾನೆ."

ಆ ಬೇಸಿಗೆಯಲ್ಲಿ ಲುದ್ವಿಕ್ ಬೇರೆಯೇ ಮನುಷ್ಯನಾದ. ಮೆಟ್ಟಿಲಲ್ಲಿ ಸಿಳ್ಳೆ ಹಾಕುತ್ತಾ ಬರುತ್ತಿದ್ದ. ಮೊದಲೆಲ್ಲ ಸೋಫಾದ ಅಂಚಿನಲ್ಲಿ ಕೂರುತ್ತಿದ್ದವನು ಈಗ ಕಾಲು ಚಾಚಿ ಕೂರುತ್ತಿದ್ದ. "ಊಲಾ, ಕೇಕು ಇಲ್ವಾ ಇವತ್ತು?" ಎಂದು ಕೇಳುತ್ತಿದ್ದ.

ಸೆಪ್ಟೆಂಬರಿನಲ್ಲಿ ಕ್ಲಬ್ಬಿಗೆ ಐವತ್ತು ವರ್ಷ ತುಂಬಿತು. ಅಗ್ನಿಶಾಮಕದವರ ಸಭಾಂಗಣದಲ್ಲಿ ಊಟ. ಉದ್ದುದ್ದ ಮೇಜು, ಹೆರಿಂಗ್ ಮೀನು, ಹಂದಿ ಮಾಂಸದ ಕಟ್ಲೆಟ್ಟು, ಕೈಗೆಟಕುವಲ್ಲೆಲ್ಲ ವೋಡ್ಕಾ. ಲುದ್ವಿಕ್ ವಿತೆಕ್‌ನನ್ನು ಬೆನ್ನ ಮೇಲೆ ಹೊತ್ತು ಒಳಗೆ ಬಂದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣಲ್ಲಿ ನೀರಿತ್ತು. ಚಪ್ಪಾಳೆ ಯಾರಿಗೆ ಎಂದು ನಾನು ಕೇಳಲಿಲ್ಲ.

ಆಮೇಲೆ ಲುದ್ವಿಕ್‌ಗೆ ಮೈಕು ಕೊಟ್ಟರು. ಹಳೇ ಕಥೆಗಳನ್ನು ಹೇಳಿ ಎಲ್ಲರನ್ನೂ ನಗಿಸಿದ. ಕೊನೆಗೆ ವಿತೆಕ್‌ನ ಹೆಗಲ ಮೇಲೆ ಕೈಯಿಟ್ಟ.

"ಇವನಿಗೆ ಯಾವಾಗಲೂ ಹೇಳ್ತಿದ್ದೆ, ಬೇಲಿ ಪಕ್ಕ ನುಗ್ಗಬೇಡ ಕಣೋ, ಅಲ್ಲಿ ಜಾಗ ಇರಲ್ಲ ಅಂತ. ಕೇಳ್ಬೇಕಲ್ಲ. ಅವತ್ತು ಹಿಂದೆ ಶಬ್ದ ಕೇಳಿಸ್ತು, ತಿರುಗಿ ನೋಡೋದ್ರೊಳಗೆ ಎಲ್ಲ ಮುಗಿದುಹೋಗಿತ್ತು. ಆದ್ರೂ ನಾನು ಇವನನ್ನ ಬಿಟ್ಟಿಲ್ಲ. ಬಿಡೋದೂ ಇಲ್ಲ."

ಮತ್ತೆ ಚಪ್ಪಾಳೆ. ವಿತೆಕ್ ತಟ್ಟೆ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ನಾನು ಎದ್ದು ನಿಂತೆ.

"ನೀನು ಮೊದಲೇ ತಿರುಗಿ ನೋಡಿದ್ದೆ ಲುದ್ವಿಕ್," ಅಂದೆ. ಮೈಕು ಬೇಕಾಗಲಿಲ್ಲ. "ಇವನು ಪಕ್ಕದಲ್ಲಿದ್ದಾನೆ ಅಂತ ನೋಡಿ, ಆಮೇಲೆ ಬೈಕು ಹೊರಕ್ಕೆ ಬಿಟ್ಟೆ. ನಾವಿಬ್ಬರೂ ಕಣ್ಣಾರೆ ನೋಡಿದ್ದೀವಿ. ಅದಕ್ಕೇ ಆ ರೆಕಾರ್ಡಿಂಗ್ ನೀನು ಹಾಳು ಮಾಡಿದ್ದು."

ಲುದ್ವಿಕ್‌ನ ಮುಖದ ಬಣ್ಣ ಇಳಿಯಿತು. ಕ್ಲಬ್ಬಿನ ಅಧ್ಯಕ್ಷರು ನನ್ನ ತೋಳು ಹಿಡಿದರು. "ಅಮ್ಮಾ, ಕೂತ್ಕೊಳ್ಳಿ. ನಿಮಗೆ ಕಷ್ಟ ಇದೆ, ನಮಗೆ ಗೊತ್ತು. ಆದ್ರೆ ಇಷ್ಟು ವರ್ಷ ಹೊತ್ತು ತಿರುಗಿದವನಿಗೆ ಈ ಮಾತಾ?"

"ವಿತೆಕ್‌ನನ್ನೇ ಕೇಳಿ," ಅಂದೆ.

ಎಲ್ಲರೂ ವಿತೆಕ್ ಕಡೆ ತಿರುಗಿದರು. ಲುದ್ವಿಕ್ ಕೂಡ. ವಿತೆಕ್ ಗ್ಲಾಸು ಎತ್ತಿಕೊಂಡ.

"ನನಗೆ ಆ ದಿನದ್ದೇನೂ ನೆನಪಿಲ್ಲ," ಅಂದ. "ಅವಳು ಸ್ವಲ್ಪ ಕುಡಿದಿದ್ದಾಳೆ."

ನಾನು ಒಂದು ಹನಿಯೂ ಮುಟ್ಟಿರಲಿಲ್ಲ.

ಅವತ್ತು ನಮ್ಮನ್ನು ಮನೆಗೆ ಬಿಟ್ಟವರು ಅಗ್ನಿಶಾಮಕದ ಇಬ್ಬರು. ಲುದ್ವಿಕ್ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟಿದ್ದ. ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ವಿತೆಕ್ ಜಾಕೆಟ್ ಹಾಕಿಕೊಂಡು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತೇ ಇರುತ್ತಿದ್ದ. ನಾನೇ ಜಾಕೆಟ್ ಬಿಚ್ಚಬೇಕಾಗುತ್ತಿತ್ತು.

"ಅಷ್ಟು ಜನರ ಮುಂದೆ ನನ್ನನ್ನ ಕುಡುಕಿ ಮಾಡಿದೆಯಲ್ಲ," ಅಂದೆ ಒಮ್ಮೆ.

"ಮತ್ತೇನು ಹೇಳ್ಲಿ? ಅವನು ನನಗೆ ಹೇಳ್ಬೇಕಾಗಿತ್ತು ಊಲಾ. ನನಗೆ, ಅವನ ಬಾಯಿಂದ. ಇಷ್ಟು ವರ್ಷ ನಾನು ಅವನ ಬೆನ್ನ ಮೇಲೆ ಕೂತು ಅದಕ್ಕೇ ಕಾದೆ. ನೀನು ಅದನ್ನ ಊರಿಗೆ ಎಸೆದುಬಿಟ್ಟೆ. ಇನ್ನು ಅವನು ಸತ್ತರೂ ಹೇಳಲ್ಲ."

"ಅವನು ಹೇಳ್ತಿರ್ಲಿಲ್ಲ ಕಣೋ. ಎಂದಿಗೂ ಹೇಳ್ತಿರ್ಲಿಲ್ಲ."

"ಅದು ನಿನಗೆ ಹೇಗೆ ಗೊತ್ತು?"

ನಾನು ಅಂದು ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸಿಲ್ಲ. ಅವನಿಗೆ ಅದು ತಪ್ಪಲ್ಲ ಎಂದು ಇವತ್ತಿಗೂ ಅನಿಸಿಲ್ಲ.

ಈಗ ಅವನನ್ನು ಕೆಳಗಿಳಿಸಲು ಪುರಸಭೆಯಿಂದ ಇಬ್ಬರು ಬರುತ್ತಾರೆ, ಸ್ಟ್ರೆಚರ್ ತರುತ್ತಾರೆ. ಕೆಲವು ವಾರ ಬರುವುದೂ ಇಲ್ಲ. ಅಂಗಡಿಯಲ್ಲಿ ಹೆಂಗಸರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಲುದ್ವಿಕ್‌ನ ಟೈರ್ ಅಂಗಡಿಗೆ ಮೊದಲಿಗಿಂತ ವ್ಯಾಪಾರ ಹೆಚ್ಚಾಗಿದೆ ಎಂದು ಕೇಳಿದೆ.

ಭಾನುವಾರ ವಿತೆಕ್ ಪಂದ್ಯ ನೋಡುತ್ತಾನೆ, ರೆಕಾರ್ಡಿಂಗೂ ಇಡುತ್ತಾನೆ. ನಾನು ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೂರುತ್ತೇನೆ. ಯಾರಾದರೂ ಬಿದ್ದರೆ ಅವನು ಟೀವಿಯ ಶಬ್ದ ನಿಲ್ಲಿಸುತ್ತಾನೆ, ಅದು ನನಗೆ ಗೊತ್ತಾಗುತ್ತದೆ. ಮೊದಲಾಗಿದ್ದರೆ ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಈಗ ರೇಡಿಯೋ ಸ್ವಲ್ಪ ಜೋರು ಮಾಡುತ್ತೇನೆ.