ಒಲೆ ಹಚ್ಚಬೇಡಿ

ಕರುಣಮ್ಮ ಮೈಸೂರಿನವಳು. ಚಾಮರಾಜನಗರದ ಪುಟ್ಟ ಚರ್ಚಿಗೆ ಉಪದೇಶಿಯಾಗಿ ಬಂದ ಗಂಡನ ಜೊತೆ ಬಂದವಳಿಗೆ ಇದು ಎರಡನೇ ಕ್ರಿಸ್‌ಮಸ್ಸು. ಮೊದಲನೆಯದರ ಕಥೆ ಕೇಳಲೇಬೇಡಿ! ಪಕ್ಕದ ಹಳ್ಳಿ ಉಡಿಗಾಲದವರನ್ನೆಲ್ಲ ಊಟಕ್ಕೆ ಕರೆದಿದ್ದಳು. ಒಂದು ನರಪಿಳ್ಳೆಯೂ ಬರಲಿಲ್ಲ. ಮಾಡಿದ ಅನ್ನವೆಲ್ಲ ಹಳಸಿತು.

"ನಮಗೆ ನಮ್ಮ ಜನ ಸಾಕಮ್ಮ. ಈ ಸಲವೂ ಹಾಗೇ ಆದರೆ, ಹೊರಗಿನವರನ್ನ ಕರೆಯೋದನ್ನೇ ನಿಲ್ಲಿಸಿಬಿಡೋಣ," ಎಂದರು ಸಭೆಯ ಹಿರಿಯ ದೇವಸಹಾಯಪ್ಪ. ಅವರು ಒಂದು ಸಲ ಹೇಳಿದರೆ ಮುಗಿಯಿತು.

ಕರುಣಮ್ಮ ಹಾಲು ತರುವ ಉಡಿಗಾಲದ ಮಲ್ಲಾಜಮ್ಮನನ್ನೇ ಹಿಡಿದು ಕೇಳಿದಳು: "ಹೋದ ವರ್ಷ ಯಾಕಮ್ಮ ಯಾರೂ ಬರಲಿಲ್ಲ?"

"ನೀವೆಲ್ಲಿ ಕರುದ್ರಿ? ಬೀದೀಲಿ ನಿಂತ್ಕಂಡು 'ಎಲ್ಲಾರೂ ಬನ್ನಿ' ಅಂದ್ಬುಟ್ಟು ಓದ್ರಿ. ಅದೇನ್ ಕರಿಯದಾ, ತಮಟೆ ಸಾರದಾ? ಮನೆಮನೆಗೂ ಓಗಿ ಎಲೆಅಡ್ಕೆ ಕೊಟ್ಟು, 'ಒಲೆ ಅಚ್ಚಬ್ಯಾಡಿ' ಅನ್ಬೇಕು ಕಣವ್ವ."

ಆ ಮಾತು ಕರುಣಮ್ಮನಿಗೆ ಬಲು ಹಿಡಿಸಿತು. ಉಡಿಗಾಲದ ಒಂದು ಬಾಗಿಲೂ ಬಿಡದೆ ಎಲೆಅಡಿಕೆ ಕೊಟ್ಟು, "ಒಲೆ ಹಚ್ಚಬೇಡಿ," ಎಂದು ಬಾಯ್ತುಂಬ ಹೇಳಿ ಬಂದಳು. ಹಾಗೆಂದರೆ ಹಸುಗೂಸಿನಿಂದ ಹಿಡಿದು ಬಂದ ನೆಂಟರವರೆಗೆ ಇಡೀ ಮನೆಗೇ ಕರೆ ಎಂದು ಪಾಪ, ಅವಳಿಗೇನು ಗೊತ್ತು! ಮನೆಗೊಬ್ಬರಂತೆ ಅಕ್ಕಿ ಅಳೆಸಿದಳು.

ಹಬ್ಬದ ದಿನ ಆರಾಧನೆ ಮುಗಿಯುವ ಹೊತ್ತಿಗೆ ಎತ್ತಿನ ಗೆಜ್ಜೆ ಕೇಳಿಸಿತು. ಕರುಣಮ್ಮ ಗೇಟಿಗೆ ಓಡಿದಳು. ಬಂದರು! ಗಾಡಿಯ ಹಿಂದೆ ಗಾಡಿ, ಗಾಡಿ ತುಂಬ ಮಕ್ಕಳುಮರಿ, ಹಿಂದೆ ನಡೆದು ಬರುವವರಿಗೆ ಕೊನೆಯೇ ಇಲ್ಲ. ಅವಳು ಖುಷಿಯಲ್ಲಿ ಕೈ ತಟ್ಟಿದವಳು ಹಾಗೇ ನಿಂತುಬಿಟ್ಟಳು. ಅಯ್ಯೋ ದೇವರೇ, ಅನ್ನ?

ದೇವಸಹಾಯಪ್ಪ ಹಂಡೆಯನ್ನು ನೋಡಿದರು, ರಸ್ತೆಯನ್ನು ನೋಡಿದರು. "ಐದು ರೊಟ್ಟಿ, ಎರಡು ಮೀನಲ್ಲಿ ಯೇಸುಸ್ವಾಮಿ ಐದು ಸಾವಿರ ಜನಕ್ಕೆ ಉಣಿಸಿದರು ಅಂತ ಓದೋದು ಸುಲಭ ಕಣಮ್ಮ," ಎಂದು ಹಣೆ ಒರೆಸಿಕೊಂಡರು.

ಅಷ್ಟರಲ್ಲಿ ಮಲ್ಲಾಜಮ್ಮ ಕಂಕುಳಲ್ಲಿ ಕುಂಬಳಕಾಯಿ ಇಟ್ಟುಕೊಂಡು ಇಳಿದಳು. ಅವಳ ಗಂಡ ರಾಚಯ್ಯ ಅಕ್ಕಿಮೂಟೆ ಇಳಿಸಿದ. ಹಿಂದಿನ ಗಾಡಿಗಳಿಂದ ಬೇಳೆ, ಬೆಲ್ಲ, ಅವರೆಕಾಯಿ ಇಳಿದವು.

"ಇದೆಲ್ಲ ಏನಮ್ಮ?"

"ಒಲೆ ಅಚ್ಚಬ್ಯಾಡಿ ಅಂದೋರ ಮನೆಗೆ ಬರಿಗೈಲಿ ಬತ್ತಾರಾ? ಮುಯ್ಯಿ ಕಣವ್ವ!"

ಹೆಂಗಸರು ಸೆರಗು ಸಿಕ್ಕಿಸಿ ಅಂಗಳದಲ್ಲೇ ಇನ್ನೆರಡು ಒಲೆ ಹೂಡಿದರು. ಚರ್ಚಿನ ಬೆಂಚುಗಳು ಹೊರಗೆ ಬಂದವು, ಜನ ಒಳಗೆ ನೆಲದ ಮೇಲೆ ಸಾಲಾಗಿ ಕೂತರು. ದೇವಸಹಾಯಪ್ಪ ಪಂಚೆ ಎತ್ತಿಕಟ್ಟಿ, ಪಾಯಸದ ಬಕೆಟ್ಟು ಹಿಡಿದು, ಬೇಡವೆಂದವರ ಎಲೆಗೂ ಬಡಿಸುತ್ತ ಓಡಾಡಿದರು. ಅವರು ಅಷ್ಟು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಹೊರಡುವಾಗ ಮಲ್ಲಾಜಮ್ಮ ಸೊಂಟದ ಚೀಲದಿಂದ ಎಲೆಅಡಿಕೆ ತೆಗೆದು ದೇವಸಹಾಯಪ್ಪನವರ ಕೈಯಲ್ಲಿಟ್ಟಳು. "ಸಂಕ್ರಾಂತಿಗೆ ನಮ್ಮೂರ್ಗೆ ಬನ್ನಿ ಬುದ್ಧಿ. ನಿಮ್ಮೋರು ಯಾರೂ ಒಲೆ ಅಚ್ಚಬ್ಯಾಡಿ."

ಗಾಡಿಗಳು ಮರೆಯಾಗುವವರೆಗೂ ಅವರು ಕೈಯಲ್ಲಿದ್ದ ಎಲೆಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಕರುಣಮ್ಮನ ಕಡೆ ತಿರುಗಿದರು.

"ಕರುಣಮ್ಮ, ಬರಿಗೈಯಲ್ಲಿ ಹೋಗೋ ಹಾಗಿಲ್ಲವಲ್ಲಮ್ಮ. ಮುಯ್ಯಿಗೆ ಏನು ಒಯ್ಯೋಣ?"