ಬಾಯಿ ಬಿಟ್ಟ ಮೀನು

ಯೂಸುಫಸಾಬ ಕುಂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಎಂಬತ್ತೆಂಟರ ಆಷಾಢ. ಮೂರು ದಿನದಿಂದ ಮೋಡ ಕವಿದು ಕುಪ್ಪೇಲೂರು ಬಿಸಿಲಿನ ಮುಖ ಕಂಡಿಲ್ಲ. ಅವನು ಸಾಕಿದ ಮೀನುಗಳು ಬೆಳ್ಳಂಬೆಳಿಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿವೆ. ಕೆರೆಯ ದಂಡೆಯುದ್ದಕ್ಕೂ ಬರೀ ಬಾಯಿ.

ಮೀನು ಸಾಕಲು ಊರವರು ಕೆರೆ ಬಿಟ್ಟುಕೊಟ್ಟದ್ದು ಒಂದೇ ಷರತ್ತಿಗೆ: ದನ ಕುಡಿಯುವ ನೀರು ಕೆಡಬಾರದು. ಕೆಟ್ಟರೆ ಅವನಿಗೆ ಕೆರೆಯೂ ಇಲ್ಲ, ಮೀನೂ ಇಲ್ಲ.

"ಹಸದಾವ ಪಾಪ. ಬಾಯಿ ಬಿಟ್ಟು ಕೇಳಾಕತ್ತಾವ," ಎಂದ ಹೆಂಡತಿ ಅಮೀರಬಿಗೆ.

"ನಿನ್ನೆ ಸಂಜೀಕೂ ಹಾಕೀರಲ್ರಿ!"

"ಮನೀಗೆ ಬಂದೋರು ಬಾಯಿ ಬಿಟ್ಟು ಕೇಳಿದ್ರ ನೀ ಇಲ್ಲ ಅಂತೀಯೇನು?"

ಒಂದು ಬುಟ್ಟಿ ಶೇಂಗಾ ಹಿಂಡಿ, ಅದರ ಮೇಲೆ ನೀರಲ್ಲಿ ಮೀನಿನ ಮೇವು ಬೆಳೆಯಲೆಂದು ಒಂದು ಬುಟ್ಟಿ ಸಗಣಿ ಕೆರೆಗೆ ಸುರಿದ. ಮನುಷ್ಯ ಒಳ್ಳೆಯವನೇ, ಒಳ್ಳೆಯತನಕ್ಕೆ ಅಳತೆ ಇರಲಿಲ್ಲ ಅಷ್ಟೇ. ಮೀನುಗಳು ಮೂಸಿಯೂ ನೋಡಲಿಲ್ಲ.

ಅಷ್ಟರಲ್ಲಿ ಓಣಿಯ ಹಿರಿಯಳು ಗುತ್ತೆವ್ವ ಎಮ್ಮೆ ಹೊಡೆದುಕೊಂಡು ಬಂದಳು. ಎಮ್ಮೆ ನೀರಿಗೆ ಮೂತಿಯಿಟ್ಟು, ಫುಸ್ ಎಂದು ಹಿಂದೆ ಸರಿಯಿತು.

"ಏನ್ ಮಾಡಿಟ್ಟೀಯೋ ಯೂಸುಫಾ? ಹಸರ ನೀರು, ಕೊಳತ ನಾತ! ನನ್ನ ಎಮ್ಮಿ ಮುಟ್ಟವಲ್ದು."

"ಮೀನು ಹಸದಾವ ಯವ್ವಾ. ಬಾಯಿ ಬಿಡಾಕತ್ತಾವ ನೋಡು."

ಗುತ್ತೆವ್ವ ಬಗ್ಗಿ ನೋಡಿದಳು. "ಅಯ್ಯ ನಿನ್ನ! ನಮ್ಮತ್ತಿ ಸಾಯೋ ಮುಂದ ಹಿಂಗ ಬಾಯಿ ಬಿಟ್ಟಿದ್ಲು. ಉಸರಿಗೆ ಬಿಟ್ಟಿದ್ಲೋ, ರೊಟ್ಟಿಗಲ್ಲ!"

ಯೂಸುಫಸಾಬನಿಗೆ ಆಗ ನೆನಪಾಯಿತು. ಮೀನುಮರಿ ಕೊಟ್ಟವರು ಹೇಳಿದ್ದರು: ಮೋಡದ ದಿನ ಏನೂ ಹಾಕಬೇಡ, ತಿಂದು ಉಳಿದದ್ದು ಕೊಳೆತರೆ ನೀರಿನೊಳಗಿನ ಗಾಳಿ ತೀರುತ್ತದೆ. ಇವನು ಹೂಂ ಹೂಂ ಅಂದು ಬಂದಿದ್ದ. ಥೂ, ಎಂಥ ಹುಚ್ಚ ನಾನು!

ಓಡಿಹೋಗಿ ಪಕ್ಕದ ಹೊಲದ ಹಾಲೇಶಪ್ಪನ ಡೀಸೆಲ್ ಇಂಜಿನ್ ತರಿಸಿ, ನೀರಿಗೆ ಗಾಳಿ ಬೆರೆಯಲೆಂದು ಕೆರೆಯ ನೀರನ್ನೇ ಎತ್ತಿ ಕೆರೆಗೇ ಚಿಮ್ಮಿಸಿದ. ಗಂಡ ಹೆಂಡತಿ ಇಬ್ಬರೂ ಎದೆಮಟ ನೀರಿಗಿಳಿದು ಬಡಿಗೆಯಿಂದ ನೀರು ಬಡಿದರು. ದೊಡ್ಡ ಮೀನು ಎಷ್ಟೋ ಹೊಟ್ಟೆ ಮೇಲಾಗಿ ತೇಲಿದವು. ಮಧ್ಯಾಹ್ನದ ಹೊತ್ತಿಗೆ ಉಳಿದವು ಕೆಳಗಿಳಿದವು.

ಗುತ್ತೆವ್ವ ಅಲ್ಲೇ ನಿಂತಿದ್ದಳು. "ಎಂಟು ದಿನ ನೋಡತೇನಿ. ಎಮ್ಮಿ ನೀರು ಕುಡದ್ರ ಸರಿ. ಇಲ್ಲಾಂದ್ರ ಪಂಚಾಯ್ತಿಗೆ ಹೇಳಾಕಿನ."

ಇದ್ದ ಗಾಳಿ ಉಳಿದವಕ್ಕೆ ಸಾಲಲೆಂದು ಮರುದಿನವೇ ಬಲೆ ಹಾಕಿ ಅರ್ಧ ಮೀನು ತೆಗೆದ. ಇನ್ನೂ ಗೇಣುದ್ದದವು, ಮಾರುವಷ್ಟು ಬೆಳೆದಿರಲಿಲ್ಲ. ಉಳಿದವಕ್ಕೆ ಒಂದು ಕಾಳೂ ಹಾಕಲಿಲ್ಲ. ಬಿಸಿಲು ಬಿದ್ದ ಮೇಲೆ ಅವನ ಹೆಜ್ಜೆ ಸಪ್ಪಳಕ್ಕೇ ಅವು ಈಗ ನಿಜವಾಗಿ ಹಸಿದು ದಂಡೆಗೆ ಬರತೊಡಗಿದವು. ನೋಡಲಾರದೆ ಬೆನ್ನು ತಿರುಗಿಸಿ ಹೋಗುತ್ತಿದ್ದ. ಮನೆಯಲ್ಲಿ ಅವನಿಗೂ ರೊಟ್ಟಿ ಇಳಿಯುತ್ತಿರಲಿಲ್ಲ.

ಎಂಟನೆಯ ಬೆಳಿಗ್ಗೆ ಎಮ್ಮೆ ನೀರು ಮೂಸಿತು. ಅದು ಕುಡಿಯಿತು, ಕುಡಿಯುತ್ತಲೇ ಇತ್ತು. ಗುತ್ತೆವ್ವ ಅದರ ಬೆನ್ನು ತಟ್ಟಿದಳು.

"ಇನ್ನ ಹಾಕ್ರಿ," ಎಂದು ಅಮೀರಬಿ ಹಿಂಡಿಯ ಬುಟ್ಟಿ ಮುಂದೆ ಹಿಡಿದಳು.

ಅವನು ಒಂದು ಹಿಡಿ ತೆಗೆದುಕೊಂಡ. ನೀರನ್ನು ನೋಡಿದ. ಅರ್ಧ ಹಿಡಿಯನ್ನು ತಿರುಗಿ ಬುಟ್ಟಿಗೆ ಹಾಕಿ, ಉಳಿದದ್ದನ್ನು ನೀರಿಗೆ ಎರಚಿ, ಅಳುತ್ತ ಮೀನುಗಳಿಗೆ ಅಂದ: "ಇಷ್ಟ ಐತ್ರಪಾ. ಸಿಟ್ಟಾಗಬ್ಯಾಡ್ರಿ."